ಬಾಗಿಲಲ್ಲೇ ನಿಂತ ಸುದ್ದಿ

ಜೀವಕೋಶದ ಪಾಠವನ್ನು ನಾನು ಸೊಗಸಾಗಿ ಮಾಡುತ್ತೇನೆಂಬ ಹೆಸರು ಚಳ್ಳಕೆರೆಯ ನಮ್ಮ ಕಾಲೇಜಿನಲ್ಲಿದೆ. ಆ ಹೆಸರನ್ನು ಹಬ್ಬಿಸಿದವನು ಹೆಚ್ಚಾಗಿ ನಾನೇ.

ಇನ್ಸುಲಿನ್ ವಿಷಯವಂತೂ ನನಗೆ ಬಾಯಿಪಾಠ. ಕೋಶಕ್ಕೊಂದು ಪೊರೆ, ಪೊರೆಯಲ್ಲಿ ಹೊರಗಿನ ಸುದ್ದಿ ಹಿಡಿಯುವ ಗ್ರಾಹಕಗಳೆಂಬ ಅಣುಗಳು. ರಕ್ತದಲ್ಲಿ ತೇಲಿಬಂದ ಇನ್ಸುಲಿನ್ ಹೊರಗೇ ನಿಂತು ಗ್ರಾಹಕವನ್ನು ಹಿಡಿದುಕೊಳ್ಳುತ್ತದೆ, ಅಷ್ಟೆ. ಗ್ರಾಹಕದ ಒಳತುದಿ ಆಕಾರ ಬದಲಿಸಿ ಪಕ್ಕದ ಅಣುವನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು. ಹೀಗೆ ಕಿವಿಯಿಂದ ಕಿವಿಗೆ ಸುದ್ದಿ ಹೋಗಿ ಸಕ್ಕರೆಗೆ ದಾರಿ ತೆರೆಯುತ್ತದೆ. ಕೆಲವರ ಮೈಯಲ್ಲಿ ಇನ್ಸುಲಿನ್ ಬಂದರೂ ಸುದ್ದಿ ಸರಿಯಾಗಿ ಒಳಗೆ ಮುಟ್ಟುವುದಿಲ್ಲ. ಸಕ್ಕರೆ ರಕ್ತದಲ್ಲೇ ಉಳಿದು, ವರ್ಷಗಳು ಕಳೆದಂತೆ ಪಾದದ ನರಗಳು ಮಂಕಾಗುತ್ತವೆ. ಇಷ್ಟು ಹೇಳಿ ಸೀಮೆಸುಣ್ಣದ ಕೈ ಒರೆಸಿಕೊಳ್ಳುವಾಗ ನನ್ನ ಮೇಲೆ ನನಗೇ ಮೆಚ್ಚುಗೆ.

ನನ್ನ ಅಕ್ಕ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಾಳೆ. ನನ್ನನ್ನು ಓದಿಸಿದ್ದು ಅದೇ ಮಗ್ಗ. ಹೋದ ವರ್ಷ ಫೋನಿನಲ್ಲಿ, "ಕಾಲು ಜೋಮು ಹಿಡದೈತೆ ಕಣಪ್ಪಾ, ಹಲಗೆ ತುಳಿದಿದ್ದೇ ತಿಳಿಯಲ್ಲ" ಎಂದಳು. ನಮ್ಮ ಮನೆಯಲ್ಲಿ ಜೋಮನ್ನು ಕಾಯಿಲೆಯೆಂದು ಯಾರೂ ಎಣಿಸಿದ್ದಿಲ್ಲ. ದಿನವಿಡೀ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತ ಕೂತವರಿಗೆ ಅದು ಇದ್ದದ್ದೇ. ಅಪ್ಪ ಎದ್ದು, ನಾಲ್ಕು ಸಲ ನೆಲಕ್ಕೆ ಕಾಲು ಬಡಿದು, ಊಟಕ್ಕೆ ಬರುತ್ತಿದ್ದರು. "ಎದ್ದು ಕಾಲು ಜಾಡಿಸು, ಹೋಗ್ತೈತೆ" ಎಂದೆ. ಅವಳು ಮೂರು ಸಲ ಹೇಳಿದಳು, ನಾನೂ ಮೂರು ಸಲ ಅದನ್ನೇ ಹೇಳಿದೆ. ಆ ದಿನಗಳಲ್ಲೇ ತರಗತಿಯಲ್ಲಿ ಇನ್ಸುಲಿನ್ ಪಾಠ ನಡೆದಿತ್ತು.

ಹಲಗೆಯ ಮೊಳೆ ಪಾದಕ್ಕೆ ಚುಚ್ಚಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಗಾಯ ಕೊಳೆತು ಎರಡು ಬೆರಳು ತೆಗೆಸಬೇಕಾಯಿತು. ಸಕ್ಕರೆ ಕಾಯಿಲೆ ಇದೆಯೆಂದು ತಿಳಿದದ್ದೂ ಆಗಲೇ. ಆಸ್ಪತ್ರೆಯಲ್ಲಿ ತಲೆ ತಗ್ಗಿಸಿ ಕೂತಿದ್ದ ನನಗೆ ಅವಳೇ ಸಮಾಧಾನ ಹೇಳಿದಳು: "ನಿನಗೆ ಹೆಂಗ್ ಗೊತ್ತಾಗ್ಬೇಕು ಬಿಡಪ್ಪಾ, ನೀನೇನು ಡಾಕ್ಟ್ರಾ?" ನನಗೆ ಗೊತ್ತಿತ್ತು ಎಂದು ಹೇಳಲು ಬಾಯಿ ಬರಲಿಲ್ಲ. ಇವತ್ತಿಗೂ ಹೇಳಿಲ್ಲ.

ಇನ್ಸುಲಿನ್‌ಗೆ ಬೇಸರವೆಂಬುದು ಇಲ್ಲ. ಒಳಗಿನವರು ಓಗೊಡದಿದ್ದರೂ ಮತ್ತೆ ಮತ್ತೆ ಬರುತ್ತದೆ. ಮನುಷ್ಯರು ಹಾಗಲ್ಲ, ಹೇಳುವುದನ್ನೇ ಬಿಟ್ಟುಬಿಡುತ್ತಾರೆ. ಈಗ ಏನು ಕೇಳಿದರೂ ಅಕ್ಕನದು ಒಂದೇ ಉತ್ತರ, "ಚೆನ್ನಾಗೈತೆ." ಅದಕ್ಕೇ ಭಾನುವಾರ ಬಸ್ಸು ಹತ್ತಿ ಹೋಗುತ್ತೇನೆ. ಆಸ್ಪತ್ರೆಯವರು ಹೇಳಿಕೊಟ್ಟಂತೆ ಹತ್ತಿಯ ತುದಿಯಿಂದ ಅವಳ ಪಾದವನ್ನು ಮುಟ್ಟಿ ನೋಡುವ ಕೆಲಸ ನನ್ನದು.

ಮೊನ್ನೆ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, "ಕಣ್ಣು ಮುಚ್ಚು ಅಕ್ಕಾ. ಮುಟ್ಟಿದ್ದು ತಿಳೀತೈತಾ?" ಎಂದೆ.

"ಹೂನಪ್ಪಾ, ಚೆನ್ನಾಗಿ ತಿಳೀತೈತೆ" ಎಂದಳು.

ನಾನಿನ್ನೂ ಮುಟ್ಟಿರಲಿಲ್ಲ.