ಸಿರುಗುಪ್ಪದಲ್ಲಿ ಹೆಚ್ಚಾದ ರೆಕ್ಕೆಗಳು

ಎರಡು ವರ್ಷದ ಹಿಂದಿನ ಮುಂಗಾರು ಹಂಗಾಮು. ಆಗ ನಾನು ಬಳ್ಳಾರಿಯ ಗಾಂಧಿನಗರದಲ್ಲಿದ್ದ ಒಂದು ಸಣ್ಣ ಡ್ರೋನ್ ಸಂಸ್ಥೆಯ ಸುರಕ್ಷತಾ ಅಧಿಕಾರಿ. ಗದ್ದೆಗಳ ಮೇಲೆ ಔಷಧಿ ಸಿಂಪಡಿಸುವ ಡ್ರೋನುಗಳು ನಮ್ಮವು. ಇಪ್ಪತ್ತು ವರ್ಷ ವಾಯುಪಡೆಯಲ್ಲಿ ಎಂಜಿನ್ ರಿಪೇರಿ ಮಾಡಿ ನಿವೃತ್ತನಾಗಿ ಬಂದವನಿಗೆ, ತಲೆಯ ಮೇಲೆ ಸೊಳ್ಳೆಯಂತೆ ಗುಂಯ್‌ಗುಡುವ ಈ ಯಂತ್ರವನ್ನು ವಿಮಾನ ಎಂದು ಕರೆಯಲು ಮೊದಮೊದಲು ನಾಚಿಕೆಯಾಗುತ್ತಿತ್ತು. ಆದರೆ ಕಾನೂನಿಗೆ ನಾಚಿಕೆ ಇಲ್ಲ. ಅದರ ಕಣ್ಣಿಗೆ ಇದೂ ವಿಮಾನವೇ. ಇದಕ್ಕೂ ನೋಂದಣಿ ಬೇಕು, ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕು, ಬಿದ್ದರೆ ವರದಿ ಬೇಕು.

ಮಾಲೀಕರು ಪಂಪನಗೌಡರು. ಬೀಜ, ಗೊಬ್ಬರದ ವ್ಯಾಪಾರದ ಮನೆತನ. ದೊಡ್ಡ ಗುತ್ತಿಗೆ ಸಿಗಬೇಕಾದರೆ ಸುರಕ್ಷತಾ ಅಧಿಕಾರಿಗೆ ಪದವಿ ಇರಬೇಕು ಎಂದು ಯಾರೋ ಅವರ ಕಿವಿ ಊದಿದ್ದರು. ಹಾಗಾಗಿ ಐವತ್ತು ದಾಟಿದ ಮೇಲೆ ನಾನು ಹೊರರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ವಿಮಾನಯಾನ ಸುರಕ್ಷತಾ ನಿರ್ವಹಣೆ ಮತ್ತು ನಿಯಂತ್ರಣ ಎಂಬ ಅರೆಕಾಲಿಕ ಸ್ನಾತಕೋತ್ತರ ಕೋರ್ಸಿಗೆ ಸೇರಿದೆ. ಶನಿವಾರ, ಭಾನುವಾರ ಲ್ಯಾಪ್‌ಟಾಪಿನ ಮುಂದೆ ತರಗತಿ. ‘ಮಗಳ ಓದು ಮುಗೀತು, ಇನ್ನ ಅಪ್ಪಂದು ಶುರು’ ಎಂದು ನನ್ನ ಹೆಂಡತಿ ಬೀದಿಗೆಲ್ಲ ಹೇಳಿಕೊಂಡು ನಕ್ಕಳು.

ಆ ಕೋರ್ಸಿನ ತಿರುಳು ಇಷ್ಟೇ. ಅವಘಡವಾದಾಗ ‘ಯಾರು ಮಾಡಿದರು’ ಎನ್ನುವ ಮೊದಲು ‘ಏನಾಯಿತು, ಹೇಗಾಯಿತು’ ಎಂದು ಕೇಳಬೇಕು. ತಪ್ಪನ್ನು ತಾವಾಗಿ ಹೇಳಿದವರನ್ನು ದಂಡಿಸಬಾರದು. ಇದಕ್ಕೆ ‘ಜಸ್ಟ್ ಕಲ್ಚರ್’ ಎನ್ನುತ್ತಾರೆ, ಅಂದರೆ ನ್ಯಾಯದ ವಾತಾವರಣ. ಓದಲು ಚೆನ್ನಾಗಿತ್ತು, ನನ್ನ ಸ್ವಭಾವಕ್ಕೆ ಒಗ್ಗುತ್ತಿರಲಿಲ್ಲ. ನಾನು ಹುಟ್ಟಾ ಅನುಮಾನದವನು. ಹಾಲಿನವನು ಎಂದಿಗಿಂತ ಹೆಚ್ಚು ನಕ್ಕರೆ ಇವತ್ತು ನೀರು ಜಾಸ್ತಿ ಬಿದ್ದಿದೆ ಎಂದುಕೊಳ್ಳುವ ಜಾತಿ.

ಕೊನೆಯ ವರ್ಷದ ಪ್ರಬಂಧಕ್ಕೆ ನಮ್ಮದೇ ಸಂಸ್ಥೆಯ ಒಂದು ಸಮಸ್ಯೆಯನ್ನು ಆರಿಸಿಕೊಳ್ಳಬೇಕಿತ್ತು. ಹುಡುಕುವ ಶ್ರಮವೇ ಬೀಳಲಿಲ್ಲ. ಸಮಸ್ಯೆ ನಮ್ಮ ಉಗ್ರಾಣದ ಸುಬ್ಬಯ್ಯನ ಬಾಯಿಂದ ತಾನೇ ಬಂತು.

ಸುಬ್ಬಯ್ಯ ಆದೋನಿ ಕಡೆಯವನು, ಮನೆಮಾತು ತೆಲುಗು. ಬಳ್ಳಾರಿಗೆ ಬಂದು ಬಹಳ ವರ್ಷವಾಗಿ ಕನ್ನಡವನ್ನೂ ಪಟಪಟ ಆಡುತ್ತಿದ್ದ. ಸಿರುಗುಪ್ಪದ ಗದ್ದೆಗಳಲ್ಲಿ ನಮ್ಮ ಡ್ರೋನು ಹಾರಿಸುತ್ತಿದ್ದುದು ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಒಂದು ತಂಡ. ಅದರ ಪೈಲಟ್ ಹುಲಿಗೆಮ್ಮ, ಮೂವತ್ತರ ಆಸುಪಾಸಿನವಳು. ಗಂಡ ಅಕ್ಕಿ ಗಿರಣಿಯಲ್ಲಿ ಹಮಾಲಿ. ಪರೀಕ್ಷೆ ಬರೆದು ಪೈಲಟ್ ಪ್ರಮಾಣಪತ್ರ ಪಡೆದಿದ್ದಳು, ಅದನ್ನು ಕಟ್ಟು ಹಾಕಿಸಿ ದೇವರ ಫೋಟೋಗಳ ಸಾಲಿನಲ್ಲಿ ತೂಗುಹಾಕಿದ್ದಳು. ಕೆಲಸ ಮುಗಿದ ಮೇಲೆ ಆಕೆ ಸುಬ್ಬಯ್ಯನಿಗೆ ಫೋನು ಮಾಡಿ ಸಾಮಾನಿನ ಲೆಕ್ಕ ಒಪ್ಪಿಸುವುದು ರೂಢಿ.

ಸುಬ್ಬಯ್ಯನ ದೂರು ಹೀಗಿತ್ತು. ಡ್ರೋನಿನ ರೆಕ್ಕೆ, ಅಂದರೆ ಪ್ರೊಪೆಲರ್, ಹೆಚ್ಚಾಗಿವೆ ಎಂದು ಹುಲಿಗೆಮ್ಮ ದಿನಾ ಹೇಳುತ್ತಾಳೆ. ಹೆಚ್ಚಾಗಿದ್ದರೆ ವಾಪಸು ಕಳಿಸಬೇಕಲ್ಲ? ಒಂದೂ ಬರುವುದಿಲ್ಲ. ಸಾಲದ್ದಕ್ಕೆ ಅದೇ ಫೋನಿನಲ್ಲಿ ಹೊಸದು ಕಳಿಸಿ ಎನ್ನುತ್ತಾಳೆ. ಉಗ್ರಾಣದ ಪೆಟ್ಟಿಗೆ ಬರಿದಾಗುತ್ತಿತ್ತು.

ಗೌಡರಿಗೆ ಇನ್ನೊಂದು ಸಂಗತಿ ನೆನಪಾಯಿತು. ಹುಲಿಗೆಮ್ಮನ ಮೈದುನನಿಗೆ ಕುರುಗೋಡಿನಲ್ಲಿ ಮೊಬೈಲ್ ಅಂಗಡಿ ಇದೆ, ಡ್ರೋನಿನ ಬಿಡಿಭಾಗಗಳನ್ನೂ ಮಾರುತ್ತಾನೆ. ಅಷ್ಟು ಸಾಕಾಯಿತು. ಅದೇ ದಿನ ಸಿರುಗುಪ್ಪಕ್ಕೆ ಹೋಗಿ ಗದ್ದೆಯ ಬದುವಿನ ಮೇಲೆ, ತಂಡದವರು, ರೈತರು ಎಲ್ಲರೂ ನೋಡುತ್ತಿರುವಾಗ ಆಕೆಯನ್ನು ಕಳ್ಳಿ ಎಂದು ಕೂಗಾಡಿದರು. ಆಕೆ ಹೇಳಿದ್ದು ಒಂದೇ ಮಾತು.

“ನಾನು ದಿನಾ ಹೇಳೇ ಹೇಳೀನಲ್ರಿ.”

ಎಂಥ ಗಟ್ಟಿ ಗುಂಡಿಗೆ ಎಂದು ನಮಗೆ ಅನಿಸಿತು. ಕದ್ದದ್ದನ್ನು ಒಪ್ಪಿಕೊಂಡು ಮೇಲೆ ಜೋರು ಬೇರೆ! ಸೋಮವಾರ ಪೊಲೀಸರಿಗೆ ದೂರು ಎಂದು ಗೌಡರು ತೀರ್ಮಾನಿಸಿದರು. ಆಕೆಯ ಪ್ರಮಾಣಪತ್ರ ರದ್ದು ಮಾಡುವಂತೆ ವಿಮಾನಯಾನ ಇಲಾಖೆಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅದೊಂದು ಹೋದರೆ ಆಕೆ ಮತ್ತೆ ಎಲ್ಲಿಯೂ ಡ್ರೋನು ಮುಟ್ಟುವಂತಿರಲಿಲ್ಲ. ತಮಾಷೆ ನೋಡಿ, ಭಾನುವಾರದವರೆಗೆ ಹಾರಿಸು ಎಂದು ಆಕೆಗೇ ಹೇಳಿದ್ದರು. ಭತ್ತಕ್ಕೆ ಜಿಗಿಹುಳು ಬಿದ್ದಿತ್ತು, ಬೇರೆ ತಂಡಗಳ ಪೈಲಟ್‌ಗಳಿಗೆ ಬಿಡುವಿರಲಿಲ್ಲ. ಕಳ್ಳಿಯಾದರೂ ಕೆಲಸ ಬೇಕಲ್ಲ.

ಶುಕ್ರವಾರ ನಾನು ಕುರುಗೋಡಿಗೆ ಹೋದೆ. ಬಸ್ ನಿಲ್ದಾಣದ ಹತ್ತಿರವೇ ಆ ಅಂಗಡಿ. ಗಾಜಿನ ಪೆಟ್ಟಿಗೆಯಲ್ಲಿ ಚಾರ್ಜರುಗಳ ಪಕ್ಕದಲ್ಲಿ ನಮ್ಮವೇ ರೆಕ್ಕೆಗಳು, ಅದೇ ಬಣ್ಣ, ಅದೇ ಅಳತೆ. ನನ್ನ ಎದೆ ಹಿಗ್ಗಿತು ಎಂದರೆ ಕೇಡಿಗ ಎನ್ನುವಿರಿ, ಆದರೆ ಹಿಗ್ಗಿದ್ದು ನಿಜ. ಗಿರಾಕಿಯ ಹಾಗೆ ಬೆಲೆ ಕೇಳಿದೆ. ಮೈದುನ ನನ್ನ ಅಂಗಿಯ ಮೇಲಿದ್ದ ಸಂಸ್ಥೆಯ ಹೆಸರು ನೋಡಿದ.

“ಬ್ಯಾಡ್ರಿ ಸರ, ಇವನ್ನ ಒಯ್ಯಬ್ಯಾಡ್ರಿ. ಚಲೋ ಇಲ್ಲ” ಎಂದು ಬೇರೆ ಗಿರಾಕಿಯ ಕಡೆ ತಿರುಗಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ, ಇದೂ ಅದೇ ಕತೆ ಎಂದು ಲೆಕ್ಕ ಹಾಕಿಕೊಂಡು ಬಸ್ಸು ಹತ್ತಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಶನಿವಾರದ ತರಗತಿಯಲ್ಲಿ ಈ ಪ್ರಕರಣವನ್ನೇ ಮಂಡಿಸಿದೆ. ನಮಗೆ ಪಾಠ ಮಾಡುತ್ತಿದ್ದ ಮೇಡಂ ವಿಮಾನ ಅಪಘಾತಗಳ ತನಿಖೆ ಮಾಡಿ ನಿವೃತ್ತರಾದವರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ. ಅವರು ಕೇಳಿದ್ದು ಬೇರೆ. ಹೆಚ್ಚಾಗಿದೆ ಎಂದು ಆಕೆ ಹೇಳಿದ್ದನ್ನು ನಿಮ್ಮ ಕಿವಿಯಿಂದ ಕೇಳಿದ್ದೀರಾ, ಇಲ್ಲ ಉಗ್ರಾಣದವರ ಬಾಯಿಂದಲಾ? ಕದಿಯುವವರು ಕದ್ದ ಮಾಲನ್ನು ಹೆಚ್ಚಾಗಿದೆ ಎಂದು ತಾವೇ ಫೋನು ಮಾಡಿ ಏಕೆ ಹೇಳುತ್ತಾರೆ? ನನಗೆ ಸಿಟ್ಟು ಬಂತು. ಸಿರುಗುಪ್ಪದ ಬಿಸಿಲು ಗೊತ್ತಿಲ್ಲದವರ ಪ್ರಶ್ನೆ ಎಂದು ಗೊಣಗಿದೆ. ಆದರೂ ಎರಡನೆಯ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡತೊಡಗಿತು. ಭಾನುವಾರ ತರಗತಿ ತಪ್ಪಿಸಿ, ಯಾರಿಗೂ ಹೇಳದೆ ಸಿರುಗುಪ್ಪಕ್ಕೆ ಹೋದೆ. ಸತ್ಯ ತಿಳಿಯಲು ಅಂತಲ್ಲ, ಆಕೆಯನ್ನು ಮಾಲಿನ ಸಮೇತ ಹಿಡಿಯಲು.

ಕಾಲುವೆಯ ದಂಡೆಯ ಜಾಲಿಗಿಡದ ಮರೆಯಲ್ಲಿ ನಿಂತೆ. ಡ್ರೋನಿಗೆ ಕುಂಕುಮ ಹಚ್ಚಿ, ಕಾಲಿಗೆ ಅರಿಷಿಣದ ದಾರ ಕಟ್ಟಿದ್ದರು. ಹುಲಿಗೆಮ್ಮ ರಿಮೋಟು ಹಿಡಿದಳು, ಯಂತ್ರ ಎದ್ದಿತು. ಒಂದು ಸುತ್ತು ಚೆನ್ನಾಗಿಯೇ ಹೋಯಿತು. ತಿರುಗುವಾಗ ಟಪ್ ಎಂದು ಸದ್ದಾಯಿತು. ಯಂತ್ರ ಒಂದು ಮಗ್ಗುಲಿಗೆ ವಾಲಿ, ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ಒಬ್ಬ ಮುದುಕಿಯ ಪಕ್ಕದಲ್ಲೇ ಕೆಸರಿಗೆ ಬಡಿಯಿತು. ಮುದುಕಿಯ ಸೀರೆಯ ತುಂಬ ಕೆಸರು ಸಿಡಿಯಿತು.

ಹುಲಿಗೆಮ್ಮ ಓಡಿದಳು. ಮೊದಲು ಮುದುಕಿಯ ಕೈಕಾಲು ಮುಟ್ಟಿ ನೋಡಿದಳು, ಆಮೇಲೆ ಯಂತ್ರ ಎತ್ತಿದಳು. ಒಂದು ರೆಕ್ಕೆ ಬುಡದಲ್ಲೇ ತುಂಡಾಗಿತ್ತು. ಆ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಫೋನು ಮಾಡಿದಳು.

“ಸುಬ್ಬಯ್ಯಣ್ಣ, ಇವತ್ತೂ ಒಂದು ರೆಕ್ಕಿ ಹೆಚ್ಚಾತು ನೋಡ್ರಿ.”

ನಾನು ಗಿಡದ ಮರೆಯಿಂದ ಹೊರಗೆ ಬಂದೆ. ಆಕೆ ಬೆಚ್ಚಿದಳು, ಸೋಮವಾರಕ್ಕೂ ಕಾಯದೆ ಬಂದರು ಎಂದುಕೊಂಡಿರಬೇಕು. ಈಗ ಏನಂದೆ, ಮತ್ತೆ ಹೇಳು ಎಂದೆ. ಮುರಿಯಿತು ಎಂದು ಯಾಕೆ ಹೇಳಲಿಲ್ಲ ಎಂದೂ ಕೇಳಿದೆ.

“ಹಂಗ ಅನ್ನಬಾರದ್ರಿ ಸರ. ಹೊಟ್ಟಿ ಹೊರಿಯೋ ಲಕ್ಷ್ಮಿ ಐತಿ ಅದು. ಬಳಿ ಒಡದ್ರ ಹೆಚ್ಚಾದ್ವು ಅಂತೀವಲ್ರಿ, ಹಂಗ ಇದೂ.”

ನಾನು ಅಲ್ಲೇ ಬದುವಿನ ಮೇಲೆ ಕುಳಿತೆ. ನನ್ನ ತಾಯಿ ಬಳೆ ಒಡೆಯಿತು ಎಂದದ್ದನ್ನು ನಾನು ಒಂದು ದಿನವೂ ಕೇಳಿಲ್ಲ. ಹೆಚ್ಚಿತು ಎನ್ನುತ್ತಿದ್ದಳು. ಅಕ್ಕಿ ಮುಗಿಯಿತು ಎನ್ನುತ್ತಿರಲಿಲ್ಲ, ದೀಪ ಆರಿಸು ಎನ್ನುತ್ತಿರಲಿಲ್ಲ. ಮುರಿದ ತುಂಡುಗಳೆಲ್ಲಿ ಎಂದು ಕೇಳಿದರೆ ಹುಲಿಗೆಮ್ಮ ಕಾಲುವೆಯ ಕಡೆ ಕೈ ತೋರಿಸಿದಳು. ಒಡೆದ ಬಳೆಯನ್ನು ತಿಪ್ಪೆಗೆ ಎಸೆಯಲಾದೀತೇ? ಹರಿಯುವ ನೀರಿಗೇ ಬಿಡಬೇಕು.

ಸುಬ್ಬಯ್ಯನಿಗೆ ಫೋನು ಹಚ್ಚಿ ವಿಷಯ ತಿಳಿಸಿದೆ. ಅವನು ಅಳುವ ದನಿಯಲ್ಲಿ, ತಮ್ಮ ತೆಲುಗಿನಲ್ಲೂ ತಾಳಿಯ ದಾರ ಹರಿದರೆ ‘ಪೆರಿಗಿಂದಿ’, ಬೆಳೆಯಿತು ಅಂತಲೇ ಹೇಳುತ್ತಾರೆಂದೂ, ಮಿಷನ್ನಿಗೂ ಹಾಗೆ ಅನ್ನುವವರು ಉಂಟೆಂದು ತನಗೆ ಹೊಳೆಯಲೇ ಇಲ್ಲವೆಂದೂ ಹೇಳಿದ. ಪಾಪ, ಅವನ ಮನಸ್ಸಿನಲ್ಲಿ ಕೇಡೇನೂ ಇರಲಿಲ್ಲ.

ನನ್ನ ಅನುಮಾನ ಅಷ್ಟಕ್ಕೆ ಸಾಯಲಿಲ್ಲ. ಎಲ್ಲಿಗೂ ತಗಲದೆ ಒಳ್ಳೆಯ ರೆಕ್ಕೆ ತಾನಾಗಿ ಮುರಿಯುವುದಿಲ್ಲ. ಇಲ್ಲಿ ದಿನಕ್ಕೊಂದು ಎರಡು ಮುರಿಯುತ್ತಿದ್ದವು. ಚೀಲದಿಂದ ಹೊಸದೊಂದನ್ನು ತೆಗೆದು ಕೈಯಲ್ಲೇ ಬಗ್ಗಿಸಿದೆ. ಹಪ್ಪಳದಂತೆ ಲಟಕ್ಕೆಂದಿತು. ಬುಡದ ಒಳಗೆಲ್ಲ ಗುಳ್ಳೆಗಳು. ಕುರುಗೋಡಿನ ಅಂಗಡಿಗೆ ಫೋನು ಮಾಡಿದೆ. ಅವತ್ತೇ ಹೇಳಿದೆನಲ್ಲ ಸರ್ ಎಂದ ಮೈದುನ. ಬಳ್ಳಾರಿಯ ಒಬ್ಬ ವ್ಯಾಪಾರಿ ಅಸಲಿ ಎಂದು ಹೇಳಿ ತಲೆಗೆ ಕಟ್ಟಿದ ಮಾಲಂತೆ ಅದು, ಒಯ್ದವರೆಲ್ಲ ಬೈದು ವಾಪಸು ತಂದಿದ್ದರಂತೆ. ಅವನು ಹೇಳಿದ ವ್ಯಾಪಾರಿಯ ಹೆಸರೇ ಹುಲಿಗೆಮ್ಮನ ಚೀಲದಲ್ಲಿದ್ದ ಪೊಟ್ಟಣದ ಮೇಲೂ ಇತ್ತು. ಗೌಡರು ಈ ಹಂಗಾಮಿಗೆ ತಯಾರಕರನ್ನು ಬಿಟ್ಟು, ನನಗೂ ತಿಳಿಸದೆ, ರೆಕ್ಕೆಗಳನ್ನು ತರಿಸಿಕೊಂಡದ್ದು ಅವನಿಂದಲೇ, ಮೊದಲ ಪೆಟ್ಟಿಗೆ ಹೋದದ್ದು ಸಿರುಗುಪ್ಪಕ್ಕೆ.

ಅಲ್ಲಿಂದಲೇ ನಮ್ಮ ಎಲ್ಲ ಡ್ರೋನುಗಳ ಹಾರಾಟ ನಿಲ್ಲಿಸಿದೆ. ಸುರಕ್ಷತಾ ಅಧಿಕಾರಿಗೆ ಆ ಅಧಿಕಾರ ಕಾಗದದ ಮೇಲೆ ಮೊದಲಿನಿಂದಲೂ ಇತ್ತು, ಬಳಸಿದ್ದು ಅದೇ ಮೊದಲು. ಗೌಡರು ಫೋನಿನಲ್ಲಿ ಹಾರಾಡಿದರು. ಜಿಗಿಹುಳು ಕಾಯುತ್ತದೆಯೇ, ರೈತರಿಗೆ ಏನು ಹೇಳಲಿ, ನಿಲ್ಲಿಸಲು ನೀವು ಯಾರು ಎಂದರು.

“ಗೌಡ್ರ, ಮುದುಕಿ ಇವತ್ತು ಉಳಿದಾಳ. ನಾಳಿ ಪೊಲೀಸ್ರು ರೆಕ್ಕಿ ಕಳುವಿಗೆ ಬರೂದಿಲ್ಲ, ಹೆಣಕ್ಕ ಬರ್ತಾರ” ಎಂದೆ.

ಆ ಕಡೆ ಫೋನು ಕಟ್ಟಾಯಿತು.

ಸೋಮವಾರ ಪೊಲೀಸರ ಬದಲು ಹುಲಿಗೆಮ್ಮನನ್ನು ಗಾಂಧಿನಗರದ ಕಚೇರಿಗೆ ಕರೆಸಿದರು. ಗೌಡರು ಆಕೆಯನ್ನೂ ನನ್ನನ್ನೂ ಒಳಗೆ ಕರೆದು, ಬಾಗಿಲು ಹಾಕಿಸಿ, ಮೆತ್ತಗೆ ಮಾತಾಡಿದರು. ಏನೋ ತಿಳಿಯದೆ ಆಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಹೊಸ ರೆಕ್ಕೆ ಬಂದ ತಕ್ಷಣ ಕೆಲಸಕ್ಕೆ ಬಾ ಎಂದರು. ಚಹಾ ತರಿಸಿದರು. ಆಕೆ ಕೂರಲಿಲ್ಲ, ಚಹಾ ಮುಟ್ಟಲಿಲ್ಲ. ಮಾತು ಮುಗಿಯುವವರೆಗೂ ನಿಂತು ಕೇಳಿಸಿಕೊಂಡಳು.

“ಕಳ್ಳಿ ಅಂದದ್ದು ಹೊಲದಾಗ, ಊರ ಮಂದಿ ಮುಂದ. ಅಲ್ಲ ಅನ್ನೋದನ್ನ ಬಾಗಲಾ ಹಾಕ್ಕೊಂಡು ಹೇಳಿದ್ರ ಹೆಂಗ್ರಿ ಗೌಡ್ರ?”

ರಿಮೋಟನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಗೌಡರ ಮುಖ ಕೆಂಪೇರಿತು. ಎಷ್ಟು ಸೊಕ್ಕು ನೋಡಿದಿರಾ ಎಂದು ನನ್ನ ಕಡೆ ತಿರುಗಿದರು. ಸೊಕ್ಕಲ್ಲ, ಆಕೆ ಕೇಳಿದ್ದು ಸರಿಯಾಗಿದೆ ಎಂದೆ. ಆ ದಿನ ನನ್ನ ಕೆಲಸವೂ ಹೋದಂತೆಯೇ ಎಂದುಕೊಂಡೆ.

ಕೆಲವು ದಿನಗಳಲ್ಲಿ ತಯಾರಕರಿಂದಲೇ ಅಸಲಿ ರೆಕ್ಕೆಗಳು ಬಂದವು. ಹುಲಿಗೆಮ್ಮ ಬರಲಿಲ್ಲ. ತಂಡದ ಉಳಿದ ಹೆಣ್ಣುಮಕ್ಕಳೂ ಒಬ್ಬೊಬ್ಬರಾಗಿ ಮೈಯಲ್ಲಿ ಹುಷಾರಿಲ್ಲ ಎನ್ನತೊಡಗಿದರು. ಒಂದು ಬೆಳಿಗ್ಗೆ ಗೌಡರು ನನಗೆ ಕಾರು ಹತ್ತಲು ಹೇಳಿದರು. ಸಿರುಗುಪ್ಪಕ್ಕೆ ಹೋದೆವು. ಅದೇ ಗದ್ದೆಯ ಬದುವಿಗೆ ಹುಲಿಗೆಮ್ಮನನ್ನೂ ತಂಡವನ್ನೂ ಕರೆಸಿದರು. ರೈತರೂ ಸೇರಿದರು. ಗೌಡರು ಹೆಗಲ ಮೇಲಿನ ಟವೆಲಿನಿಂದ ಎರಡು ಸಲ ಮುಖ ಒರೆಸಿಕೊಂಡರು.

“ಆಕಿ ಏನೂ ಕದ್ದಿಲ್ಲ. ಹಾಳ ರೆಕ್ಕಿ ತಂದಾವ ನಾನು” ಎಂದರು.

ಹುಲಿಗೆಮ್ಮ ಸೆರಗು ಸಿಕ್ಕಿಸಿಕೊಂಡು ನನ್ನ ಕೈಯಿಂದ ರಿಮೋಟು ಇಸಿದುಕೊಂಡಳು. ಬದುವಿನ ಮೇಲಿದ್ದವರಿಗೆ ದೂರ ಸರಿಯಲು ಹೇಳಿದಳು. ಗೌಡರೂ ಸರಿದು ನಿಂತರು.

ಆ ವಾರದಿಂದ ನನ್ನ ಫೋನಿಗೆ ಬಿಡುವೇ ಇಲ್ಲದಂತಾಯಿತು. ಬ್ಯಾಟರಿ ಬಿಸಿಯಾಯಿತು, ಕರೆಂಟಿನ ತಂತಿಯ ತೀರ ಹತ್ತಿರ ಹಾರಿಸಿಬಿಟ್ಟೆ, ಇವತ್ತು ಗಾಳಿ ಅಂದಾಜು ತಪ್ಪಿತು ಎಂದು ಬೇರೆ ತಂಡಗಳವರೂ ತಾವಾಗಿಯೇ ಹೇಳತೊಡಗಿದರು. ನಾನು ಯಾರನ್ನೂ ಕೇಳಿರಲಿಲ್ಲ. ಅನುಮಾನ ಪಡುವ ಗುಣ ನನ್ನನ್ನು ಬಿಟ್ಟಿಲ್ಲ, ಬಿಡಬಾರದು ಕೂಡ, ಈ ಕೆಲಸದಲ್ಲಿ ಅದೇ ಅನ್ನ. ಅದನ್ನು ಮನುಷ್ಯರ ಮೇಲೆ ಹರಿಯಬಿಟ್ಟಷ್ಟು ದಿನ ಮುರುಕು ರೆಕ್ಕೆಗಳು ಅವರ ತಲೆಯ ಮೇಲೆಯೇ ಹಾರುತ್ತಿದ್ದವು. ತಪ್ಪು ಹೇಳಿದವರನ್ನು ದಂಡಿಸಬಾರದು ಎಂದು ನನ್ನ ಕೋರ್ಸು ಕಲಿಸಿತ್ತು. ತಪ್ಪಿಲ್ಲದವರನ್ನು ದಂಡಿಸಿದ ಮೇಲೆ ಅದನ್ನು ಎಲ್ಲಿ ನಿಂತು ಹೇಳಬೇಕು ಎಂಬುದನ್ನು ಹುಲಿಗೆಮ್ಮ ಕಲಿಸಿದಳು.