ಅಗ್ಘವಣಿ ನಾಗಣ್ಣನೂ ಓಟದ ಯಂತ್ರವೂ

ಅಫಜಲಪುರ ತಾಲೂಕಿನ ಹೊನ್ನಗಡ್ಲಾ ಎಂಬ ಊರಿನಲ್ಲಿ ನಾಗಣ್ಣನೆಂಬ ಟಪಾಲಿನವನಿದ್ದ. ಶಿವನು ಅವನಿಗೆ ಹೊಲ ಕೊಟ್ಟಿರಲಿಲ್ಲ, ಓದನ್ನು ನಾಲ್ಕನೆಯ ಇಯತ್ತೆಗೇ ನಿಲ್ಲಿಸಿಬಿಟ್ಟಿದ್ದ. ಕಾಲು ಕೊಡುವಾಗ ಮಾತ್ರ ಜಿಪುಣತನ ಮಾಡಿರಲಿಲ್ಲ. ಸಾವಿರದ ಒಂಬೈನೂರ ಎಪ್ಪತ್ತೆರಡರಿಂದ ನಾಗಣ್ಣ ಟಪಾಲಿನ ಚೀಲವನ್ನು ಬೆನ್ನಿಗೆ ಬಿಗಿದುಕೊಂಡು ದಿನವೂ ಎಂಟು ಮೈಲಿ ಓಡಿದವನು. ಕಪ್ಪು ಎರೆಮಣ್ಣಿನ ಹೊಲದ ಬಿರುಕುಗಳು ಎಲ್ಲಿ ಬಾಯಿ ತೆರೆದಿವೆ, ಯಾವ ಬದುವಿನಲ್ಲಿ ಜಾಲಿಮುಳ್ಳು ಬಿದ್ದಿದೆ, ಯಾರ ಮನೆಯ ನಾಯಿ ಬರೀ ಬೊಗಳುತ್ತದೆ, ಯಾರದು ಕಚ್ಚುತ್ತದೆ ಎಂಬುದೆಲ್ಲ ಅವನ ಅಂಗಾಲಿಗೆ ಬಾಯಿಪಾಠವಾಗಿತ್ತು. ಆಷಾಢದ ಗಾಳಿ ಎದುರಾದರೆ ಎದೆ ಬಗ್ಗಿಸುತ್ತಿದ್ದ, ಬೆನ್ನಿಗೆ ಬಂದರೆ ಅದರ ಹೆಗಲೇರುತ್ತಿದ್ದ.

ಆ ಊರಿನ ಮಠದಲ್ಲಿ ಹಿಂದಿನಿಂದ ಬಂದ ಒಂದು ಸೇವೆಯಿತ್ತು. ಶ್ರಾವಣದ ಕಡೆಯ ಸೋಮವಾರ, ಸೊನ್ನದ ಬಳಿಯ ಹೊಳೆದಂಡೆಯಿಂದ ಅಗ್ಘವಣಿ ತರಬೇಕು. ಅಂದರೆ ಲಿಂಗಪೂಜೆಯ ನೀರು. ದಾರಿ ನಾಲ್ಕು ಮೈಲಿ. ಬರಿಗಾಲಲ್ಲಿ ಓಡಬೇಕು. ಹೆಗಲ ಮೇಲಿನ ತಾಮ್ರದ ಕೊಡ ನೆಲ ಮುಟ್ಟಕೂಡದು. ನೀರು ತುಂಬಿದ ಗಳಿಗೆಯಿಂದ ಮಠದ ಹೊಸ್ತಿಲು ದಾಟುವ ತನಕ, ನೀರು ಹೊತ್ತವನಾಗಲಿ ಅವನ ಬೆಂಬಲಕ್ಕೆ ಹಿಂದೆ ಓಡುವವನಾಗಲಿ ಒಂದು ಮಾತೂ ಆಡಕೂಡದು. ಮೌನ ಮುರಿದವನಿಗೆ ಬದುಕಿರುವವರೆಗೆ ಆ ಸೇವೆ ಮತ್ತೆ ಸಿಗುತ್ತಿರಲಿಲ್ಲ. ಹತ್ತೊಂಬತ್ತು ಶ್ರಾವಣ ನಾಗಣ್ಣನೇ ನೀರು ತಂದ. ಸ್ವಾಮಿಗಳು ಅವನ ಕೆಸರುಗಾಲಿಗೆ ತಮ್ಮ ಕೈಯಾರೆ ನೀರು ಹಾಕುತ್ತಿದ್ದರು. ಊರಿನವರು ಟಪಾಲಿನ ನಾಗಣ್ಣನೆನ್ನುವುದನ್ನು ಬಿಟ್ಟು ಅಗ್ಘವಣಿ ನಾಗಣ್ಣನೆಂದು ಕರೆಯತೊಡಗಿದರು.

ಮುಂದೆ ಬಸ್ಸು ಬಂತು. ಟಪಾಲಿನ ಚೀಲ ಬಸ್ಸೇರಿತು. ನಾಗಣ್ಣನಿಗೆ ಮನೆಮನೆಗೆ ಕಾಗದ ಹಂಚುವ ಕೆಲಸವಷ್ಟೇ ಉಳಿಯಿತು. ವರ್ಷಕ್ಕೊಮ್ಮೆಯ ಆ ಓಟವೊಂದನ್ನೇ ಅವನು ಜೀವಕ್ಕಿಂತ ಹೆಚ್ಚಾಗಿ ಹಿಡಿದುಕೊಂಡ. ಮನುಷ್ಯ ದೇವರ ಸೇವೆಯನ್ನು ತನ್ನದೆಂದುಕೊಂಡ ದಿನವೇ ಅದು ದೇವರದಾಗಿ ಉಳಿಯುವುದಿಲ್ಲ. ಪಾಪ, ಅದು ಅವನಿಗೆ ತಿಳಿಯಲಿಲ್ಲ.

ಅದೇ ಊರಿನ ಅಣ್ಣಾರಾಯ ಅವನ ಓರಗೆಯವನು, ಒಂದೇ ಹಲಗೆಯ ಮೇಲೆ ಕೂತು ಅಕ್ಷರ ಕಲಿತವನು. ಜೇವರ್ಗಿಯಲ್ಲಿ ತೊಗರಿಯ ಅಡತಿ ಅಂಗಡಿ ಇಟ್ಟು ಸಾಹುಕಾರನಾಗಿದ್ದ. ತೊಂಬತ್ತೊಂದರಲ್ಲಿ ಅವನಿಗೆ ಎದೆನೋವು ಬಂತು. ಸೊಲ್ಲಾಪುರದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಮೈ ಇಳಿಸದಿದ್ದರೆ ಬದುಕು ಕಷ್ಟ, ದಿನಾ ನಡೆಯಿರಿ, ತಾಳಿಕೆ ಬಂದರೆ ಓಡಿರಿ ಎಂದರು. ಆದರೆ ಸಾಹುಕಾರನೊಬ್ಬ ಚಡ್ಡಿ ತೊಟ್ಟು ಹಾದಿಯಲ್ಲಿ ಓಡುವುದುಂಟೆ? ಅವನ ತಾಯಿ ಗಂಗಾಬಾಯಿ, "ಊರ ಮಂದಿ ಕಳುವಾಗ್ಯದೇನು ಅಂತ ಹಿಂದ ಓಡ್ತಾರೋ ಯಪ್ಪಾ" ಎಂದು ಅತ್ತಳು. ಕಡೆಗೆ ಹೈದರಾಬಾದಿನಿಂದ ಟೆಂಪೋದಲ್ಲಿ ಒಂದು ಓಟದ ಯಂತ್ರ ಬಂತು. ಕರೆಂಟಿನಿಂದ ತಿರುಗುವ ಕರಿಯ ಪಟ್ಟಿ, ಹಿಡಿದುಕೊಳ್ಳಲು ಅಡ್ಡ ಸರಳು, ಎಷ್ಟು ಓಡಿದೆಯೆಂದು ಹೇಳುವ ಮುಳ್ಳಿನ ಗಡಿಯಾರ. ಊರೇ ನೋಡಲು ಸೇರಿತು.

ವರ್ಷ ಕಳೆಯಿತು. ಒಂದು ದಿನ ನಾಗಣ್ಣ ರಿಜಿಸ್ಟರ್ ಕಾಗದಕ್ಕೆ ಸಹಿ ಹಾಕಿಸಲು ಸಾಹುಕಾರನ ಮನೆಗೆ ಹೋದ. ಅಣ್ಣಾರಾಯ ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಓಡುತ್ತಿದ್ದ. ಎದುರಿಗೆ ಬರೀ ಗೋಡೆ. ಧೂಳಿಲ್ಲ, ಗಾಳಿಯಿಲ್ಲ, ಏರಿಲ್ಲ, ಇಳಿಜಾರಿಲ್ಲ. ಆದರೆ ಹೊಟ್ಟೆ ಇಳಿದಿತ್ತು. ಉಸಿರು ಬೀಸುಕಲ್ಲಿನ ಸದ್ದಿನಂತೆ ಒಂದೇ ಸಮನೆ ಬರುತ್ತಿತ್ತು. ನಾಗಣ್ಣ ಸಹಿಯ ಕಾಗದ ಹಿಡಿದುಕೊಂಡೇ ಅದನ್ನು ಕೇಳುತ್ತ ನಿಂತ.

"ಬಾರೋ ನಾಗ್ಯಾ," ಎಂದ ಅಣ್ಣಾರಾಯ, ನಿಲ್ಲದೆ. "ಇವತ್ತ ಮೂರು ಮೈಲಿ ಆತು ನೋಡು."

"ಎಲ್ಲಿಗಿ ಹೋಗಿ ಬಂದ್ರಿ ಸಾಹುಕಾರ್ರೇ?"

"ಎಲ್ಲಿಗೂ ಇಲ್ಲ!" ಅಣ್ಣಾರಾಯ ನಕ್ಕ. "ನೀ ಹತ್ತು, ಒಂದೀಟು ನೋಡು. ಇಪ್ಪತ್ತು ವರ್ಷ ನೆಲಾ ತುಳದಾಂವಗ ಇದೇನು ದೊಡ್ಡದು?"

ನಾಗಣ್ಣ ಹತ್ತಿದ. ನೆಲವಾದರೆ ಸುಮ್ಮನೆ ಬಿದ್ದಿರುತ್ತದೆ, ಕಾಲು ಅದನ್ನು ಹಿಂದಕ್ಕೆ ತಳ್ಳುತ್ತದೆ. ಇಲ್ಲಿ ನೆಲವೇ ಕಾಲನ್ನು ಎಳೆಯುತ್ತಿತ್ತು. ರೂಢಿಯ ಬಲದಿಂದ ಮುಂದಕ್ಕೆ ನುಗ್ಗಿದವನು ಸರಳಿಗೆ ಹೊಟ್ಟೆ ಬಡಿಸಿಕೊಂಡ. ಕಣ್ಣು ತನ್ನಷ್ಟಕ್ಕೆ ದಾರಿ ಹುಡುಕುತ್ತ ಕಿಟಕಿಯ ಕಡೆ ಹೊರಳಿತು. ಅಷ್ಟರಲ್ಲಿ ಪಟ್ಟಿ ಅವನನ್ನು ಹಿಂದಕ್ಕೊಯ್ದು ನೆಲಕ್ಕೆ ಕೆಡವಿತು.

ಹೆಂಗಸರಿಗೆ ಬಳೆ ತೊಡಿಸಲು ಬಂದಿದ್ದ ಪ್ಯಾರಿಬಿ ಬಾಗಿಲಲ್ಲಿ ಕೂತಿದ್ದಳು. "ಯಾ ಅಲ್ಲಾ! ಕಲ್ಲಿಲ್ಲ, ಮುಳ್ಳಿಲ್ಲ, ನಮ್ಮ ನಾಗಣ್ಣ ಮನಿಯಾಗ ಎಡವಿದ್ನಲ್ಲೇ!" ಎಂದು ಬಳೆಯ ಮಲಾರವನ್ನು ತಬ್ಬಿಕೊಂಡು ನಕ್ಕಳು.

ಸಂಜೆಯೊಳಗೆ ಆ ನಗು ಅವನ ಮನೆಗೂ ಬಂದಿತ್ತು. ಹೆಂಡತಿ ಗುರಮ್ಮ ರೊಟ್ಟಿ ಬಡಿಯುತ್ತ, "ಬಿದ್ರಂತಲ್ಲ?" ಎಂದಳು.

"ಅದು ಓಟೇನಬೇ? ಗಾಣದ ಎತ್ತಾದ್ರ ಸುತ್ತರೆ ಹೊಡೀತದ. ಇದು ಅದೂ ಇಲ್ಲ."

"ಏನರೆ ಇರ್ಲಿ, ಅಣ್ಣಾರಾಯರ ಮಾರಿ ಮ್ಯಾಲ ಕಳಾ ಬಂದದ. ನಿಮ್ಮ ಹಿಮ್ಮಡಿ ನೋಡ್ರಿ, ಬ್ಯಾಸಗಿ ಹೊಲ ಒಡದಂಗ ಒಡದಾವ."

ನಾಗಣ್ಣ ಅರ್ಧ ರೊಟ್ಟಿಗೇ ಕೈ ತೊಳೆದ.

ಮುಂದಿನ ಪೆಟ್ಟು ಮಠದಲ್ಲಿ ಬಿತ್ತು. ಶ್ರಾವಣ ಹಿಡಿದ ವಾರ ಸ್ವಾಮಿಗಳು ಅವನನ್ನು ಕರೆಸಿದರು. "ನಾಗಣ್ಣಾ, ಅಣ್ಣಾರಾಯ ಬ್ಯಾನ್ಯಾಗ ಬಿದ್ದಾಗ ಹರಕಿ ಹೊತ್ತಾನ. ಜೀವ ಉಳದ್ರ ಒಂದ್ಸಲ ಅಗ್ಘವಣಿ ತರ್ತೇನಿ ಅಂತ. ಡಾಕ್ಟರೂ ಹ್ಞೂಂ ಅಂದಾರ. ಈ ಸಲ ಅಂವ ಹೊರಲಿ. ನೀ ಹಿಂದ ಬೆಂಬಲಕ್ಕಿರು. ಬರೋ ವರ್ಷ ಮತ್ತ ನಿಂದೇ."

"ಹೌದ್ರಿ ಬುದ್ಧಿ," ಎಂದ ನಾಗಣ್ಣ. ಬಾಯಿ ಹೌದೆಂದಿತು. ಒಳಗೆ, ನೆಲದಡಿಯ ಹಗೇವಿನಲ್ಲಿ ಹೂತಿಟ್ಟ ಕಾಳಿಗೆ ಬಿಸಿ ಹತ್ತಿದಂತೆ ಹೊಟ್ಟೆಕಿಚ್ಚು ಹೊಗೆಯಿಲ್ಲದೆ ಏರತೊಡಗಿತು. ಜಪಕ್ಕೆ ಕೂತರೆ ಅಣ್ಣಾರಾಯನ ಉಸಿರು ಕೇಳುತ್ತಿತ್ತು. ಅಂಗೈಯ ಲಿಂಗದಲ್ಲಿ ದೃಷ್ಟಿ ನಿಲ್ಲಿಸಿದರೆ ಮುಳ್ಳಿನ ಗಡಿಯಾರ ಕಾಣುತ್ತಿತ್ತು. ಫ್ಯಾನಿನ ಕೆಳಗೆ ಓಡಿದವನ ಕಾಲಿಗೆ ಸ್ವಾಮಿಗಳು ನೀರು ಹಾಕುತ್ತಾರಲ್ಲ ಎಂದು ನೆನೆದಾಗಲೆಲ್ಲ ತನ್ನದೇ ಚರ್ಮ ಸುಲಿದಂತಾಗುತ್ತಿತ್ತು.

ಕಡೆಯ ಸೋಮವಾರ ಬಂತು. ಹಿಂದಿನ ದಿನ ಸಂಜೆ ಜಡಿಮಳೆ ಹೊಡೆದಿತ್ತು. ಬೆಳಕು ಹರಿಯುವಾಗ ಇಬ್ಬರೂ ಹೊಳೆದಂಡೆಯಲ್ಲಿ ಸ್ನಾನ ಮುಗಿಸಿ, ವಿಭೂತಿ ಧರಿಸಿ ನಿಂತರು. ಅಲ್ಲಿಂದ ಊರಿಗೆ ದಾರಿ ಎರಡು. ಒಂದು ಎರೆಹೊಲಗಳ ನಡುವಿನ ಬಂಡಿದಾರಿ, ನೆಟ್ಟಗೆ, ಸಪಾಟು. ಇನ್ನೊಂದು ಗರಸುಗಲ್ಲಿನ ದಿಣ್ಣೆಯಾದ ಮರಡಿ ಹತ್ತಿ ಇಳಿಯುವ ಕಾಲುದಾರಿ. ಹರಳು ಚುಚ್ಚುತ್ತವೆ, ಅರ್ಧ ಮೈಲಿ ಸುತ್ತು ಬೇರೆ. ಮಳೆಯಾದ ಮಾರನೆಯ ದಿನ ಬಲ್ಲವರು ಬಂಡಿದಾರಿಗೆ ಕಾಲಿಡುವುದಿಲ್ಲ. ಮೇಲೆ ನೋಡಿದರೆ ಎರೆ ನುಣ್ಣಗೆ ಹೊಳೆಯುತ್ತದೆ. ತುಳಿದರೆ ಹೆಜ್ಜೆಹೆಜ್ಜೆಗೂ ಕಾಲಿಗೆ ಹತ್ತಿ, ನೂರು ಮಾರು ಹೋಗುವುದರೊಳಗೆ ಒಂದೊಂದು ಪಾದ ಒಂದೊಂದು ಗುಂಡಾಗುತ್ತದೆ. ಇದನ್ನು ಗಡಿಯಾರ ಹೇಳುವುದಿಲ್ಲ, ಕಾಲೇ ಕಲಿಯಬೇಕು.

"ನಾಗಣ್ಣಾ, ಯಾವ ದಾರಿ ಹಿಡೀಲಿ?" ಅಣ್ಣಾರಾಯ ಕೇಳಿದ. ಈ ಸಲ ನಾಗ್ಯಾ ಎನ್ನಲಿಲ್ಲ. ಅವನ ಮುಖದಲ್ಲಿ ಭಕ್ತಿಯೂ ಅಂಜಿಕೆಯೂ ಇದ್ದವು. "ಬಂಡಿದಾರಿ ಚಂದ ಕಾಣ್ತದ. ನಮ್ಮ ಮಷೀನಿನ ಪಟ್ಟಿ ಹಾಸಿದಂಗ."

ನಾಗಣ್ಣನ ನಾಲಗೆಯ ತುದಿಗೆ ಮಾತು ಬಂದಿತ್ತು. ಒಂದೇ ಮಾತು. ಅದನ್ನು ನುಂಗಿದ. "ನಿಮ್ಮ ಮನಸ್ಸಿಗಿ ಬಂದಂಗ ಮಾಡ್ರಿ ಸಾಹುಕಾರ್ರೇ. ಸೇವಾ ನಿಮ್ದು," ಎಂದ.

ಅಣ್ಣಾರಾಯ ಕೊಡ ತುಂಬಿದ. ಮೌನ ಹತ್ತಿತು. ನಾಗಣ್ಣನಿಗೆ ಹಾಯೆನಿಸಿತು: ಇನ್ನು ಹೇಳಬೇಕೆಂದರೂ ಹೇಳುವ ಹಾಗಿಲ್ಲ! ತನ್ನ ಪಾಪವನ್ನು ವ್ರತದ ಸೆರಗಿನಲ್ಲಿ ಕಟ್ಟಿಕೊಂಡು ಅವನು ಹಿಂದೆ ಓಡಿದ.

ಮೊದಲ ಮೈಲಿ ಮರಳು ಬೆರೆತ ನೆಲ. ಅಣ್ಣಾರಾಯ ಓಡಿದ ಪರಿಯನ್ನು ನಾಗಣ್ಣ ಹಿಂದಿನಿಂದ ನೋಡಿದ. ಯಂತ್ರ ಸುಳ್ಳು ಕಲಿಸಿರಲಿಲ್ಲ. ಹೆಜ್ಜೆ ಅಳೆದಿಟ್ಟಂತಿತ್ತು, ಉಸಿರು ಎಲ್ಲಿಯೂ ತುಂಡಾಗಲಿಲ್ಲ, ಕೊಡದಿಂದ ಒಂದು ಹನಿ ಚೆಲ್ಲಲಿಲ್ಲ. ಹತ್ತೊಂಬತ್ತು ವರ್ಷ ತಾನೂ ಇಷ್ಟು ಚೆಂದ ಓಡಿದ್ದೆನೋ ಇಲ್ಲವೋ ಎಂಬ ಸಂಶಯ ಮೂಡಿತು. ಆ ಸಂಶಯವೇ ಅವನನ್ನು ಕಚ್ಚಿತು. ಶಿವನೇ, ಎರೆ ಬೇಗ ಬರಲಿ ಎಂದು ಬೇಡಿಕೊಂಡ. ಮನುಷ್ಯ ಎಂಥೆಂಥದಕ್ಕೆ ಶಿವನ ಹೆಸರು ಹಿಡಿಯುತ್ತಾನೆ!

ಎರೆ ಬಂತು. ಹತ್ತು ಹೆಜ್ಜೆಗೆ ಅಂಗಾಲು ಕಾಣದಾಯಿತು. ನಾಗಣ್ಣ ಬದುವಿನ ಕರಿಕೆ ಹುಲ್ಲಿನ ಮೇಲೆ ಸರಿದು, ಅಲ್ಲಲ್ಲಿ ಕಾಲು ಒರೆಸಿಕೊಳ್ಳುತ್ತ ಬಂದ. ಅಣ್ಣಾರಾಯನಿಗೆ ಸರಿಯುವುದು ತಿಳಿಯದು. ಅವನ ಓಟದಲ್ಲಿ ಎಡವೂ ಇರಲಿಲ್ಲ, ಬಲವೂ ಇರಲಿಲ್ಲ. ಗೋಡೆ ನೋಡುತ್ತ ಕಲಿತ ಕಣ್ಣು ಕೆಳಗಿಳಿಯಲಿಲ್ಲ. ಪಟ್ಟಿಯ ಮೇಲೆ ನಿಧಾನಿಸಿದರೆ ಬೀಳುತ್ತಾರೆ. ಆ ಭಯದಿಂದ ಇಲ್ಲಿಯೂ ನಿಧಾನಿಸದೆ, ಅದೇ ಲೆಕ್ಕದ ಹೆಜ್ಜೆಯನ್ನು ಕಿತ್ತುಕಿತ್ತು ಇಟ್ಟ. ಉಸಿರು ಒಡೆಯಿತು. ಒಮ್ಮೆ ತೂರಾಡಿದ, ಸಾವರಿಸಿಕೊಂಡ. ಮತ್ತೆ ತೂರಾಡಿದ.

ನೋಡುತ್ತಿದ್ದ ನಾಗಣ್ಣನ ಒಳಗೆ ಸಿಹಿಯಾದ ತಂಪೊಂದು ಹರಡಿತು. ಅದು ಎರಡು ಗಳಿಗೆಯೂ ಉಳಿಯಲಿಲ್ಲ.

ಅಣ್ಣಾರಾಯ ಮೊಣಕಾಲೂರಿ ಕುಸಿದ. ತುಟಿ ನೇರಳೆಯ ಬಣ್ಣಕ್ಕೆ ತಿರುಗಿತ್ತು. ಎಡಗೈ ಎದೆಯನ್ನು ಹಿಂಡುತ್ತಿತ್ತು. ಬಲಗೈ ಮಾತ್ರ ಕೊಡವನ್ನು ಕೆಸರಿನಿಂದ ಗೇಣೆತ್ತರಕ್ಕೆ ಹಿಡಿದಿತ್ತು. ತೋಳು ನಡುಗುತ್ತಿದ್ದರೂ ಇಳಿಯಲಿಲ್ಲ. ನೋವಿಗೂ ಅವನು ಬಾಯಿ ತೆರೆಯಲಿಲ್ಲ. ಕಣ್ಣುಗಳಷ್ಟೇ ನಾಗಣ್ಣನ ಕಡೆ ತಿರುಗಿದವು. ಅವುಗಳಲ್ಲಿ ದೂರಿರಲಿಲ್ಲ. ದಾರಿಯನ್ನು ತಾನೇ ತಪ್ಪಿ ಆರಿಸಿದೆನೆಂದು ಆ ಮನುಷ್ಯ ನಂಬಿದ್ದ.

ಇನ್ನೊಬ್ಬನ ಓಟವನ್ನು ಕದಿಯಬಹುದು, ಅವನ ಭಕ್ತಿಯನ್ನು ಕದಿಯಲಾಗುವುದಿಲ್ಲ ಎಂಬುದು ನಾಗಣ್ಣನಿಗೆ ಆಗ ಹೊಳೆಯಿತು. ಕೊಡವನ್ನು ತಾನು ತೆಗೆದುಕೊಂಡು ಓಡಿದರೆ ಸೇವೆ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು, ಇಪ್ಪತ್ತನೆಯ ಶ್ರಾವಣವೂ ಅವನದೇ ಆಗುತ್ತಿತ್ತು. ಬೆಂಬಲದವನಿಗೆ ಆ ಅಧಿಕಾರವಿತ್ತು. ಅವನ ಕೈ ಕೊಡದ ಕಂಠವನ್ನು ಮುಟ್ಟಿತು ಕೂಡ.

"ಲೇ ಅಣ್ಯಾ!" ಎಂದು ಕೂಗಿದ ನಾಗಣ್ಣ. "ಬಿಡೋ ಕೊಡಾ! ಮಾತ್ರಿ ಎಲ್ಲಿಟ್ಟೀದಿ? ಅಣ್ಯಾ!"

ಮೌನ ಮುರಿಯಿತು. ಅಣ್ಣಾರಾಯ ತಲೆಯಾಡಿಸಿ ಕೊಡವನ್ನು ಇನ್ನಷ್ಟು ಬಿಗಿ ಹಿಡಿದ. ನಾಗಣ್ಣ ಅದನ್ನು ಕಿತ್ತುಕೊಂಡ. ಗೆಳೆಯನ ನಡುಪಟ್ಟಿಯಿಂದ ಮಾತ್ರೆ ಹುಡುಕಿ ನಾಲಗೆಯ ಕೆಳಗಿಟ್ಟು, ಪೂಜೆಯ ನೀರಿನಿಂದ ಅವನ ಮುಖ ತೋಯಿಸಿದ, ಎದೆ ತೋಯಿಸಿದ, ಕಾಲಿಗೆ ಕಚ್ಚಿದ ಎರೆಯನ್ನು ತೊಳೆದು ತೆಗೆದ. ಕೊಡ ಬರಿದಾಯಿತು. ಆಮೇಲೆ ಅವನನ್ನು ಬೆನ್ನ ಮೇಲೆ ಹಾಕಿಕೊಂಡು, ಹಿಂದೆ ಟಪಾಲಿನ ಚೀಲ ಹೊತ್ತಂತೆ ಮುಂದಕ್ಕೆ ಬಾಗಿ, ಗರಸಿನ ದಾರಿಗೆ ಅಡ್ಡಹಾಯ್ದ. ಓಡಿದನೆಂದು ಹೇಳಲಾಗದು, ನಡೆದನೆಂದೂ ಹೇಳಲಾಗದು.

ಅಣ್ಣಾರಾಯ ಬದುಕಿದ. ಮರುದಿನ ನಾಗಣ್ಣ ಮಠಕ್ಕೆ ಹೋಗಿ ಸ್ವಾಮಿಗಳ ಮುಂದೆ ಅಡ್ಡಬಿದ್ದ.

"ಮಾತಾಡಿದ್ದು ಜೀವ ಉಳಿಸಾಕ ಅಲ್ಲೇನಪಾ. ಏಳು," ಎಂದರು ಅವರು.

"ಮಾತಾಡಿದ್ದಕ್ಕ ಅಲ್ರಿ ಬುದ್ಧಿ. ಹೊಳಿದಂಡ್ಯಾಗ ಮಾತಾಡಲಾರದ್ದಕ್ಕ ಬಂದೇನಿ. ದಾರಿ ಯಾವ್ದಂತ ಕೇಳಿದ್ರು. ಗೊತ್ತಿತ್ತು. ಹೇಳಲಿಲ್ಲ. ಹೊಟ್ಟಿಕಿಚ್ಚಿಗಿ ಹೇಳಲಿಲ್ಲ."

ಸ್ವಾಮಿಗಳು ಕೇಳಿದರು: "ಅಣ್ಣಾರಾಯಗ ಹೇಳೀದೇನು?"

"ಮೊದಲ ಅಲ್ಲಿಗೇ ಹೋಗಿದ್ದೆ ರೀ. ಗ್ವಾಡಿ ಕಡಿ ಮಾರಿ ತಿರುವ್ಯಾರ. ಮಾತಾಡಿಲ್ಲ."

ಕಟ್ಟಳೆ ಕಟ್ಟಳೆಯೇ. ನಾಗಣ್ಣನಿಗೆ ಸೇವೆ ಹೋಯಿತು. ಡಾಕ್ಟರು ಅನುಮತಿ ಕೊಟ್ಟರೆ, ಕೊಡ ಇಳಿಸದ, ಮೌನ ಮುರಿಯದ ಅಣ್ಣಾರಾಯನಿಗೆ ಬರುವ ಶ್ರಾವಣವೂ ಸಲ್ಲಬೇಕೆಂದು ದೈವ, ಅಂದರೆ ಊರ ಹಿರಿಯರ ಸಭೆ, ಸೇರಿ ತೀರ್ಮಾನಿಸಿತು. ಅದನ್ನು ಕೇಳಿದಾಗ ಪಶ್ಚಾತ್ತಾಪಪಟ್ಟ ಆ ಎದೆಯಲ್ಲೇ ಕಿಚ್ಚು ಮತ್ತೊಮ್ಮೆ ಭುಗಿಲೆಂದಿತು. ತಪ್ಪನ್ನೊಪ್ಪಿಕೊಂಡವನಿಗೆ ಅದು ಒಂದೇ ದಿನದಲ್ಲಿ ಆರಿತೆಂದು ಹೇಳಿದರೆ ಸುಳ್ಳಾದೀತು.

ಆ ವರ್ಷವೆಲ್ಲ ಅಣ್ಣಾರಾಯ ಅವನೊಡನೆ ಮಾತಾಡಲಿಲ್ಲ. ಯುಗಾದಿಯ ಮುಂಚೆ ಡಾಕ್ಟರು ಒಪ್ಪಿದರು. ಆಗ ಅವನಾಗಿಯೇ ಟಪಾಲು ಕಟ್ಟೆಗೆ ಬಂದು, "ಮಷೀನು ಉಸುರು ಕಲಸ್ತು. ನೆಲಾ ನೀ ಕಲಸು," ಎಂದ. ಅಷ್ಟೇ ಎಂದ. ನಾಗಣ್ಣ ಸಂಜೆಸಂಜೆಗೆ ಅವನನ್ನು ಬದುಗಳ ಮೇಲೆ ಓಡಿಸಿದ. ಚಡ್ಡಿ ತೊಟ್ಟ ಸಾಹುಕಾರನನ್ನು ಕಂಡು ಪ್ಯಾರಿಬಿ ನಕ್ಕಳು. ಗಂಗಾಬಾಯಿ ಸೆರಗು ಮುಚ್ಚಿಕೊಂಡಳು. ಶಿಷ್ಯ ಚೆನ್ನಾಗಿ ಕಲಿತ. ಕಲಿತಷ್ಟೂ ಗುರುವಿಗೆ ಸಂಕಟವಾಯಿತು.

ತೊಂಬತ್ತಮೂರರ ಕಡೆಯ ಸೋಮವಾರವೂ ಹಿಂದಿನ ದಿನ ಮಳೆಯಾಗಿತ್ತು. ಬೆಂಬಲಕ್ಕೆ ಬೇರೊಬ್ಬನಿದ್ದ. ನಾಗಣ್ಣ ಯಾರೂ ಕರೆಯದಿದ್ದರೂ ನಸುಕಿನಲ್ಲೇ ಎರಡೂ ದಾರಿ ತುಳಿದು ನೋಡಿ ಹೊಳೆಗೆ ಬಂದು ನಿಂತಿದ್ದ.

"ಗರಸಿನ ದಾರಿ ಹಿಡೀರಿ," ಎಂದ. "ಮರಡಿ ಏರುವಾಗ ಹೆಜ್ಜಿ ಸಣ್ಣ ಮಾಡ್ರಿ. ಇಳಿಯುವಾಗ ಹಿಮ್ಮಡಿ ಊರಬ್ಯಾಡ್ರಿ. ಹಳ್ಳದಾಗ ಎಡಕ್ಕಿನ ಕಲ್ಲು ಜಾರ್ತದ."

ಅಣ್ಣಾರಾಯ ಕೊಡ ತುಂಬಿ ಹೆಗಲಿಗೇರಿಸಿದ. ಮೌನದಲ್ಲೇ ಕಣ್ಣಿನಿಂದ ನಮಸ್ಕರಿಸಿ ಓಡತೊಡಗಿದ. ಆ ಹೆಗಲ ಮೇಲಿನ ತಾಮ್ರಕ್ಕೆ ಮೊದಲ ಬಿಸಿಲು ತಾಗಿದ್ದನ್ನು ನಾಗಣ್ಣ ನೋಡಿದ. ಇನ್ನೊಂದು ಮಾತು ಉಳಿದಿತ್ತು. ಅದನ್ನು ಹೇಳದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಹೊತ್ತವನು ಇಪ್ಪತ್ತು ಮಾರು ದೂರ ಹೋಗಿದ್ದ. ನಾಗಣ್ಣ ಕೈಗಳನ್ನು ಬಾಯಿಗಿಟ್ಟು, ಮೌನದ ಕಟ್ಟಳೆ ತನಗಿಲ್ಲವೆಂಬ ಸಂಕಟದಿಂದಲೇ, ಇದ್ದಷ್ಟು ದನಿ ತೆಗೆದು ಕೂಗಿದ:

"ಸಾಹುಕಾರ್ರೇ! ಮೂರನೇ ಬದುವಿನಾಗ ಜಾಲಿ ಕಡದು ಹಾಕ್ಯಾರ! ಬಲಕ್ಕ ಸರೀರಿ, ಬಲಕ್ಕ!"