ಬಳಗವಿಲ್ಲದ ಪದ

ಗಂಗಾವತಿಯ ಕಾಲೇಜಿನಲ್ಲಿ ಇಂಗ್ಲಿಷ್ ಭಾಷೆಯ ಚರಿತ್ರೆ ಪಾಠ ಮಾಡುವಾಗ ನನಗೆ ಪ್ರತಿ ವರ್ಷ ಸಿಟ್ಟು ಬರುವುದು ‘ಹ್ಯಾಂಡ್’ ಪದದ ಹತ್ತಿರ. ಇಂಗ್ಲಿಷ್, ಜರ್ಮನ್, ಡಚ್ ಇವಕ್ಕೆಲ್ಲ ತಾಯಿಯಾದ ಭಾಷೆಯಲ್ಲಿ ಕೈಗೆ ‘ಹಂದುಜ್’ ಎನ್ನುತ್ತಿದ್ದರಂತೆ. ಯಾರು ಕೇಳಿದ್ದಾರೆ? ಎಲ್ಲೂ ಬರೆದದ್ದು ಸಿಕ್ಕಿಲ್ಲ. ಮಕ್ಕಳ ಮುಖ ನೋಡಿ ತಾಯಿಯ ಮುಖ ಊಹಿಸಿದ್ದಾರೆ, ಅಷ್ಟೆ. ಹೋಗಲಿ, ಅವರ ‘ಫುಟ್’, ‘ನೀ’ ಪದಗಳಿಗೆ ಸಂಸ್ಕೃತದಿಂದ ನಮಗೆ ಬಂದ ‘ಪಾದ’, ‘ಜಾನು’ವಿನವರೆಗೂ ನೆಂಟರಿದ್ದಾರೆ. ಕೈಗೆ ಮಾತ್ರ ಆ ಮನೆಯ ಹೊರಗೆ ಗಟ್ಟಿಯಾಗಿ ತೋರಿಸಲು ಒಬ್ಬ ನೆಂಟನೂ ಇಲ್ಲ. ‘ಹಿಡಿ’ ಎಂಬರ್ಥದ ಕ್ರಿಯಾಪದದಿಂದ ಹುಟ್ಟಿರಬಹುದು ಎನ್ನುತ್ತಾರೆ ಪಂಡಿತರು. ಈ ‘ಬಹುದು’ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಪಾಠದ ದಿನಗಳಲ್ಲೇ ತಂಗಿ, ಮದುವೆಯಾದರೆ ಇವನನ್ನೇ ಎಂದು ಹಟ ಹಿಡಿದಳು. ಹುಡುಗ ಶ್ರೀರಾಮನಗರದ ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್. ತಂದೆತಾಯಿಯಿಲ್ಲದೆ ಹಾಸ್ಟೆಲ್ಲಿನಲ್ಲಿ ಬೆಳೆದವನು. ನಮ್ಮಲ್ಲಿ ಹುಡುಗನಿಗಿಂತ ಮೊದಲು ಅವನ ಸೋದರಮಾವನನ್ನು, ದೊಡ್ಡಪ್ಪನನ್ನು ನೋಡುತ್ತಾರೆ. ಮನೆತನ ತಿಳಿಯುವುದು ಅವರಿಂದಲೇ. ಇವನಿಗೆ ಅವರ್ಯಾರೂ ಇಲ್ಲ. ತಂಗಿ ಮೋಸ ಹೋದಾಳೆಂದು ಅಪ್ಪನಿಗಿಂತ ಹೆಚ್ಚು ಹೆದರಿದವಳು ನಾನು. ತನ್ನ ತಾಯಿ ಹುಲಿಹೈದರದವಳು ಎಂದು ಅವನು ತಂಗಿಗೆ ಹೇಳಿದ್ದ. ಬಸ್ ಹತ್ತಿ ಹೋಗಿ ಅಲ್ಲಿ ಓಣಿ ಓಣಿ ಕೇಳಿದೆ.

“ಕಾಲುವಿ ಕಡಿ ನಾಟಿ ಮಾಡಾಕ ಹೋದವರ ಮಗಳು ಇರಬಹುದು ನೋಡ್ರಿ,” ಎಂದಳು ಒಬ್ಬ ಮುದುಕಿ. ಅಲ್ಲೂ ಅದೇ ‘ಬಹುದು’!

ಭಾನುವಾರ ಅವನು ಮಾತುಕತೆಗೆ ನಮ್ಮ ಮನೆಗೆ ಬಂದ. ಎದುರುಬದುರು ಹಾಸಿದ ಎರಡು ಜಮಖಾನೆಗಳಲ್ಲಿ ನಮ್ಮದು ತುಂಬಿತ್ತು, ಅವನದರಲ್ಲಿ ಅವನೊಬ್ಬನೇ.

“ನಿಮ್ಮ ಕಡಿಯವರು ಯಾರೂ ಬರಲಿಲ್ಲೇನ್ರಿ?” ಅಪ್ಪ ಕೇಳಿದರು.

“ಯಾರೂ ಇಲ್ರಿ. ಗಿರಣಿಯವರನ್ನ ಕಾಕಾ ಅಂತ ಹೇಳಿ ಕರ್ಕೊಂಡು ಬರಬಹುದಿತ್ತು. ಸುಳ್ಳು ಯಾಕ ಅಂತ ಬಿಟ್ಟೆ.”

ಇಷ್ಟು ನೇರವಾಗಿ ಮಾತಾಡುವವರ ಮೇಲೆ ನನಗೆ ಇನ್ನೂ ಹೆಚ್ಚು ಸಂಶಯ. ಮೊದಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆಯೇ ಎಂದು ಅವನ ಮುಖವನ್ನೇ ನೋಡುತ್ತ ಕುಳಿತೆ.

“ಆ ಕಡಿ ಮಾತಾಡವರು ಇಲ್ಲಂದ್ರ ಮಾತು ಹೆಂಗ ಮುಂದ ಹೋಗ್ತೈತಿ?” ಎನ್ನುತ್ತ ಅಪ್ಪ ಏಳಲು ನೋಡಿದರು.

ಬಾಗಿಲಲ್ಲಿ ನಿಂತಿದ್ದ ತಂಗಿ ಒಳಗೆ ಬಂದಳು. “ಯಪ್ಪಾ, ಕೂಡು,” ಎಂದಳು. “ಅವರ ಕಡಿಯಿಂದ ಅಕ್ಕ ಕೂಡ್ತಾಳ. ಅವರವ್ವನ ಬಳಗ ಹುಡುಕ್ಕೊಂಡು ಆ ಊರಿಗಿ ಹೋದಾಕಿ ಆಕಿ ಒಬ್ಬಾಕಿನ.”

ಎಲ್ಲರೂ ನನ್ನತ್ತ ತಿರುಗಿದರು. ಅವನನ್ನು ನಾನು ಆಗಲೂ ನಂಬಿರಲಿಲ್ಲ. ಆದರೂ ಎದ್ದು ಹೋಗಿ ಅವನ ಪಕ್ಕದಲ್ಲಿ ಕುಳಿತೆ.